ಧೈರ್ಯವೂ ಲೆಕ್ಕವೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹತ್ತನೆಯ ಇಯತ್ತೆಯ ಫಲಿತಾಂಶ ಬಂದೊಡನೆ ಪಾಲಕರು ಕನ್ನಡ ಶಿಕ್ಷಕರನ್ನು ಕೇಳುವ ಪ್ರಶ್ನೆ ಒಂದೇ: “ಗುರುಗಳೇ, ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹುಡುಗನಿಗೆ ನೌಕರಿ ಎಲ್ಲಿ ಸಿಕ್ಕೀತು?” ಈ ಪ್ರಶ್ನೆಯೊಳಗಿನ ಆತಂಕ ಸುಳ್ಳಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರಿಗೆ ಗಡಿಯ ಎರಡೂ ಕಡೆಯ ಬಾಗಿಲು ಅರ್ಧ ಮುಚ್ಚಿದಂತೆಯೇ ತೋರುತ್ತದೆ. ಆದರೆ ಬಾಳಿಗೆ ನೌಕರಿಯೊಂದೇ ದಾರಿಯೆಂಬ ನಂಬಿಕೆಯನ್ನು ನಾವು ಒರೆಗೆ ಹಚ್ಚಿ ನೋಡಬೇಕು. ಸ್ವಂತ ಉದ್ದಿಮೆಯನ್ನು ಕೈಕೊಳ್ಳುವ ಧೈರ್ಯ ಯಾವುದು, ಅದಕ್ಕೆ ಬೇಕಾದ ಲೆಕ್ಕ ಯಾವುದು ಎಂಬುದನ್ನು ಇಂದು ತಮ್ಮ ಮುಂದೆ ನಿವೇದಿಸಿಕೊಳ್ಳುತ್ತೇನೆ.

ಉದ್ದಿಮೆ ನಮ್ಮ ಪರಂಪರೆಗೆ ಹೊರಗಿನದಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಪೂಜೆಯ ಘನತೆಯನ್ನು ಕೊಟ್ಟರು. ನುಲಿಯ ಚಂದಯ್ಯನು ಹಗ್ಗ ಹೊಸೆದನು. ಮೇದಾರ ಕೇತಯ್ಯನು ಬುಟ್ಟಿ ಹೆಣೆದನು. ನಮ್ಮ ಸೊನ್ನಲಿಗೆಯ ಸಿದ್ಧರಾಮನು ಕೆರೆಯನ್ನು ಕಟ್ಟಿಸಿದ ಕರ್ಮಯೋಗಿ. ಇವರ ವಚನಗಳನ್ನು ಪಾಠವಾಗಿ ಓದಿದ ಮಕ್ಕಳಿಗೆ ಅಂಗಡಿ ಇಡುವುದು, ಮಗ್ಗ ಹೂಡುವುದು ನೌಕರಿಗಿಂತ ಕೀಳೆಂದು ಮನೆಯಲ್ಲಿ ಹೇಳಿದರೆ, ಆ ಪಾಠ ವ್ಯರ್ಥವಾದಂತೆಯೇ ಸರಿ.

ಇದೇ ಸೊಲ್ಲಾಪುರದಲ್ಲಿ 1882ರಲ್ಲಿ ಜನಿಸಿದ ವಾಲಚಂದ ಹಿರಾಚಂದರನ್ನು ಸ್ಮರಿಸೋಣ. ಅವರದು ಗುಜರಾತಿ ಜೈನ ಮನೆತನ. ಮನೆಯಲ್ಲಿ ಲೇವಾದೇವಿ ಮತ್ತು ಹತ್ತಿಯ ವ್ಯಾಪಾರ ನಡೆದಿತ್ತು. ತರುಣ ವಾಲಚಂದರಿಗೆ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. ಅವರು ಲಕ್ಷ್ಮಣರಾವ ಫಾಟಕರೆಂಬವರೊಡನೆ ಪಾಲುಗಾರರಾಗಿ ರೈಲು ಮಾರ್ಗದ ಕಂತ್ರಾಟು ಹಿಡಿದರು. ಫಾಟಕರು ಹಿಂದೆ ರೈಲ್ವೆಯಲ್ಲಿ ಕಾರಕೂನರಾಗಿದ್ದವರು. ಒಬ್ಬರಲ್ಲಿ ಕೆಲಸದ ತಿಳಿವಳಿಕೆ, ಇನ್ನೊಬ್ಬರಲ್ಲಿ ಬಂಡವಾಳ. ಎರಡೂ ಕೂಡಿದುದರಿಂದ ಕಾರ್ಯ ಸಾಗಿತು. ಮುಂದೆ 1919ರಲ್ಲಿ ಅವರೂ ಅವರ ಸಂಗಡಿಗರೂ ಕಟ್ಟಿದ ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. 1940ರಲ್ಲಿ ಮೈಸೂರು ಸರಕಾರದ ಸಹಯೋಗದಿಂದ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆಯನ್ನು ಸ್ಥಾಪಿಸಿದವರೂ ಅವರೇ. ಸೊಲ್ಲಾಪುರದ ಸಾಹಸವೂ ಕನ್ನಡ ನಾಡಿನ ನೆಲವೂ ಅಲ್ಲಿ ಒಂದುಗೂಡಿದವು.

“ಅವರಿಗೆ ಹಿರಿಯರ ಗಂಟು ಇತ್ತು, ನಮಗೇನಿದೆ?” ಎಂದು ತಾವು ಕೇಳಬಹುದು. ಯೋಗ್ಯವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಈ ನಗರದ ನೇಕಾರರ ಓಣಿಗಳಲ್ಲಿ ಹುಡುಕಬೇಕು. ತೆಲಂಗಾಣದಿಂದ ಬಂದ ಪದ್ಮಶಾಲಿ ಕುಟುಂಬಗಳು ಕೈಯೊಳಗಿನ ಕಸುಬನ್ನೇ ಬಂಡವಾಳ ಮಾಡಿಕೊಂಡು ಇಲ್ಲಿ ನೆಲೆಸಿದವು. ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ಏರಿದವರು ಅವರಲ್ಲಿ ಬಹುಮಂದಿ. ಸೊಲ್ಲಾಪುರದ ಚಾದರಕ್ಕೆ ಇಂದು ಭೌಗೋಲಿಕ ಗುರುತಿನ ಮಾನ್ಯತೆಯಿದೆ. ಅವರು ತಮ್ಮ ತೆಲುಗನ್ನು ಊರಲ್ಲಿ ಬಿಟ್ಟು ಬರಲಿಲ್ಲ. ಗಿರಾಕಿಯೊಡನೆ ಮರಾಠಿ, ಮನೆಯಲ್ಲಿ ತೆಲುಗು ಎಂದು ಎರಡನ್ನೂ ಉಳಿಸಿಕೊಂಡರು. ಅತ್ತ 1877ರಲ್ಲಿ ಆರಂಭವಾದ ಹಳೆಯ ಗಿರಣಿ ಮೊದಲ್ಗೊಂಡು ದೊಡ್ಡ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ತಿಂಗಳ ಪಗಾರವೇ ಶಾಶ್ವತವೆಂದು ನಂಬಿದ್ದ ಮನೆಗಳ ಒಲೆ ಆರುವಂತಾಯಿತು. ಸುರಕ್ಷಿತವೆಂದು ತೋರುವ ದಡವೂ ಕುಸಿಯಬಲ್ಲುದು.

ಆದರೂ ಕಣ್ಣು ಮುಚ್ಚಿ ಹಾರಿರೆಂದು ನಾನು ಹೇಳಲಾರೆ. ತಾಯಿಯ ಮೈಮೇಲಿನ ಬಂಗಾರವನ್ನೂ ಅಕ್ಕಲಕೋಟೆ ತಾಲ್ಲೂಕಿನ ನಾಲ್ಕೆಕರೆ ಹೊಲವನ್ನೂ ಒಮ್ಮೆಲೇ ಒತ್ತೆಯಿಟ್ಟು ವ್ಯಾಪಾರ ಹೂಡುವುದು ಧೈರ್ಯವಲ್ಲ, ಜೂಜು. ಹಳ್ಳ ದಾಟುವವನು ಮೊದಲು ಕೋಲೂರಿ ನೀರಿನ ಆಳ ನೋಡುತ್ತಾನೆ.

ಒಂದು ಸಣ್ಣ ಉದಾಹರಣೆ ತೆಗೆದುಕೊಳ್ಳೋಣ. ಜೋಳದ ಕಡಕ್ ರೊಟ್ಟಿಯೂ ಶೇಂಗಾ ಚಟ್ನಿಯೂ ನಮ್ಮ ಭಾಗದ ಹೆಸರನ್ನು ದೂರದವರೆಗೆ ಒಯ್ದಿವೆ. ಜೋಳ ನಮ್ಮ ಹೊಲದ್ದು, ರೊಟ್ಟಿ ಬಡಿಯುವ ಕೈ ನಮ್ಮ ತಾಯಂದಿರದು. ಚೆನ್ನಾಗಿ ಒಣಗಿದ ರೊಟ್ಟಿ ಬಹಳ ದಿನ ಕೆಡುವುದಿಲ್ಲವಾದುದರಿಂದ ಮಾರಾಟಕ್ಕೆ ಅವಸರವಿಲ್ಲ. ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಯಾತ್ರಿಕರೇ ಗಿರಾಕಿಗಳು. ಆದರೆ ಲೆಕ್ಕದಲ್ಲಿ ಜೋಳದ ಬೆಲೆಯೊಡನೆ ಉರುವಲು, ಬೀಸುವ ಕೂಲಿ, ಚೀಲ, ಬಸ್ಸಿನ ಬಾಡಿಗೆ, ಮುರಿದ ರೊಟ್ಟಿ, ಎಲ್ಲಕ್ಕಿಂತ ಮಿಗಿಲಾಗಿ ರೊಟ್ಟಿ ಬಡಿದವಳ ದಿನಗೂಲಿ ಇವೆಲ್ಲ ಸೇರಬೇಕು. ಮನೆಯ ಹೆಂಗಸಿನ ದುಡಿಮೆಯನ್ನು ಸೊನ್ನೆಯೆಂದು ಹಿಡಿದರೆ ಕಾಣುವ ಲಾಭ ಲಾಭವಲ್ಲ. ಅದು ಆಕೆಯ ಬೆವರಿನಿಂದ ತೆಗೆದ ಸಾಲ.

ತರುಣರಿಗೆ ನಾಲ್ಕು ಮಾತು. ಮೊದಲನೆಯದಾಗಿ, ಹೂಡಬೇಕೆಂದಿರುವ ಕಸುಬನ್ನು ಬೇರೊಬ್ಬರಲ್ಲಿ ಒಂದು ವರ್ಷವಾದರೂ ದುಡಿದು ಕಲಿಯಿರಿ. ಎರಡನೆಯದಾಗಿ, ಆರು ತಿಂಗಳ ಮನೆಖರ್ಚನ್ನು ಬೇರೆಯಾಗಿ ತೆಗೆದಿಡಿ. ಅದನ್ನು ಅಂಗಡಿಗೆ ಮುಟ್ಟಿಸಬೇಡಿ. ಮೂರನೆಯದಾಗಿ, ಉದ್ರಿಗೆ ಮಿತಿ ಹಾಕಿ, ಕಿರ್ದಿಯನ್ನು ದಿನದ ದಿನವೇ ಬರೆಯಿರಿ. ನಾಲ್ಕನೆಯದಾಗಿ, ಸಾಲ ಬೇಕಾದರೆ ಕೈಗಡಕ್ಕಿಂತ ಮೊದಲು ಬ್ಯಾಂಕಿಗೆ ಹೋಗಿರಿ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಸಣ್ಣ ಉದ್ದಿಮೆಗೆ ಒತ್ತೆಯಿಲ್ಲದೆ ಸಾಲ ಕೊಡುವ ಏರ್ಪಾಡಿದೆ. ಅದರ ‘ಶಿಶು’ ವರ್ಗದ ಮಿತಿ 50 ಸಾವಿರ ರೂಪಾಯಿ.

ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಗಂಡ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದಷ್ಟೇ ಸಾಕು, ಮಿಕ್ಕುದನ್ನು ಅಲ್ಲಿಯೇ ಸುರಿದು ಬಾ ಎಂದವಳು ಆಕೆ. ಅಂಥ ಗೃಹಿಣಿಯ ಸಮ್ಮತಿ ಯಾವ ಉದ್ದಿಮೆಗಿದೆಯೋ ಅದು ಅರ್ಧ ಗೆದ್ದಂತೆ. ಆದುದರಿಂದ ಮನೆಯವರಿಂದ ಮುಚ್ಚಿಟ್ಟು ಯಾವ ವ್ಯಾಪಾರವನ್ನೂ ಆರಂಭಿಸಬೇಡಿರಿ.

ಹಿರಿಯರಲ್ಲಿಯೂ ಒಂದು ಬಿನ್ನಹ. ಮಗನೋ ಮಗಳೋ ಲೆಕ್ಕ ಬರೆದುಕೊಂಡು ಮುಂದೆ ಬಂದಾಗ “ನಾಲ್ಕು ಜನ ಏನೆಂದಾರು” ಎಂದು ಬಾಯಿ ಮುಚ್ಚಿಸಬೇಡಿರಿ. ಆ ಲೆಕ್ಕವನ್ನು ಕೂತು ಓದಿರಿ. ಸೋತು ಹಿಂದಿರುಗಿದರೆ ಹಂಗಿಸದೆ ಊಟಕ್ಕೆ ಕರೆಯಿರಿ. ಹಂಗಿಸುವ ಮನೆಯಲ್ಲಿ ಎರಡನೆಯ ಪ್ರಯತ್ನ ಹುಟ್ಟುವುದಿಲ್ಲ.

ಇದು ಕೇವಲ ಹಣದ ಮಾತಲ್ಲ. ದುಡಿಮೆಯನ್ನು ಅರಸಿ ತರುಣರು ಪುಣೆ, ಮುಂಬಯಿಗಳಿಗೆ ಹೊರಟುಹೋದರೆ ಅವರ ಮಕ್ಕಳು ನಮ್ಮ ಕನ್ನಡ ಶಾಲೆಯ ಹಾಜರಿ ಪಟ್ಟಿಯಲ್ಲಿ ಇರುವುದಿಲ್ಲ. ಊರಲ್ಲಿ ಒಂದು ಉದ್ದಿಮೆ ಬೇರೂರಿದರೆ ನಾಲ್ಕು ಕುಟುಂಬ ನಿಲ್ಲುತ್ತವೆ. ಕುಟುಂಬ ನಿಂತರೆ ಶಾಲೆಯೂ ನಿಲ್ಲುತ್ತದೆ. ಗಿರಾಕಿಯೊಡನೆ ಮರಾಠಿಯಲ್ಲಿ ಸವಿಯಾಗಿ ಮಾತನಾಡಿರಿ, ಕಿರ್ದಿಯನ್ನು ಕನ್ನಡದಲ್ಲಿ ಬರೆಯಿರಿ. ಎರಡಕ್ಕೂ ಈ ಮಣ್ಣಿನಲ್ಲಿ ಎಡೆಯಿದೆ.