ಹರಿಗೋಲಿನ ಹೊಳೆ, ಹಾಯಿಯ ಹಿನ್ನೀರು

ಅರಕಲಗೂಡು ಎರಡು ಹೊಳೆಗಳ ನಡುವಿನ ತಾಲ್ಲೂಕು. ಉತ್ತರದ ಕಡೆ ಹೇಮಾವತಿ, ದಕ್ಷಿಣದ ಕಡೆ ಕಾವೇರಿ. ನಡುವಿನ ಏರುತಗ್ಗಿನ ನೆಲದಲ್ಲಿ ಹೊಗೆಸೊಪ್ಪು, ಆಲೂಗೆಡ್ಡೆ, ರಾಗಿ, ಮುಸುಕಿನ ಜೋಳ. ಹಾಸನದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ ಈ ಪಟ್ಟಣವನ್ನು ಐಗೂರು ನಾಯಕರ ಮನೆತನದ ಕೃಷ್ಣಪ್ಪ ನಾಯಕ 1568ರ ಸುಮಾರಿಗೆ ಕಟ್ಟಿಸಿದನೆಂದು ಬಿ. ಎಲ್. ರೈಸ್ ಅವರ ಗ್ಯಾಸೆಟಿಯರ್ ಹೇಳುತ್ತದೆ. ಅರ್ಕೇಶ್ವರನ ಗುಡಿ, ಸಂತೆ, ಹೊಗೆಸೊಪ್ಪಿನ ಹರಾಜು, ಇವೆಲ್ಲ ಜಿಲ್ಲೆಯ ಜನರಿಗೆ ಗೊತ್ತಿರುವ ಸಂಗತಿಗಳೇ. ದೋಣಿಯ ಹುಚ್ಚು ಹತ್ತಿದವರಿಗೆ ಈ ತಾಲ್ಲೂಕಿನಲ್ಲಿ ಏನಿದೆ ಎಂದು ಮಾತ್ರ ಯಾರೂ ಅಷ್ಟಾಗಿ ಕೇಳಿದ್ದಿಲ್ಲ. ಸಮುದ್ರ ಘಟ್ಟದಾಚೆ ಉಳಿಯಿತು. ಹಾಯಿದೋಣಿಗಳ ಪ್ರದರ್ಶನ ಇಲ್ಲಿ ನಡೆಯುವುದಿಲ್ಲ. ಆದರೂ ಇಲ್ಲಿನ ಎರಡೂ ಹೊಳೆಗಳು ಹೋಗಿ ಸೇರುವ ನೀರಿನ ಮೇಲೆ ಇಂದು ಹಾಯಿ ಬಿಚ್ಚಿಕೊಳ್ಳುತ್ತದೆ. ಅಲ್ಲಿಗೆ ಹೋಗುವ ಮುಂಚೆ ಹೊಳೆಯ ದೋಣಿಯನ್ನು ನೋಡಿಕೊಂಡರೆ ಹಾಯಿಯ ಗುಟ್ಟು ಬೇಗ ತಿಳಿಯುತ್ತದೆ.

ಕಾವೇರಿ ಕೊಡಗಿನ ಕೂಡಿಗೆಯಲ್ಲಿ ಹಾರಂಗಿಯನ್ನು ಕೂಡಿಕೊಂಡು, ಅಲ್ಲಿಂದ ಮುಂದೆ ಅರಕಲಗೂಡು ತಾಲ್ಲೂಕಿನ ಮೂಲಕ ಹಾಸನ ಜಿಲ್ಲೆಯನ್ನು ಹಾಯುತ್ತದೆ. ಕಟ್ಟೇಪುರದ ಬಳಿ ಅದಕ್ಕೆ ಅಡ್ಡಲಾಗಿ ಕೃಷ್ಣರಾಜ ಕಟ್ಟೆ ಇದೆ. ಅದರ ನಾಲೆಗಳ ನೀರಿನಿಂದಲೇ ಈ ಭಾಗದ ಗದ್ದೆಗಳು ಹಸಿರಾಗಿರುವುದು. ಹೊಳೆಯ ದಂಡೆಯ ದೊಡ್ಡ ಕ್ಷೇತ್ರ ರಾಮನಾಥಪುರ. ರಾಮೇಶ್ವರ ಮತ್ತು ಸುಬ್ರಹ್ಮಣ್ಯ ದೇವಾಲಯಗಳು ಇಲ್ಲಿವೆ. ಮಾರ್ಗಶಿರ ಷಷ್ಠಿಯ ತೇರಿಗೆ ಸುತ್ತಲ ಜಿಲ್ಲೆಗಳ ಜನ ನೆರೆಯುತ್ತಾರೆ. ದೇವಾಲಯದ ಮೆಟ್ಟಿಲ ಬಳಿಯ ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ. ಬಂದವರು ಪುರಿ ಎರಚುತ್ತಾರೆ, ತೊಡೆಗಾತ್ರದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಮಡುವಿನಿಂದ ಕಣ್ಣೆತ್ತಿದರೆ ಹೊಳೆಯ ತುಂಬ ಬಂಡೆ. ಬೇಸಿಗೆಯಲ್ಲಿ ನೀರು ಬಂಡೆಗಳ ಸಂದಿಗೆ ಇಳಿಯುತ್ತದೆ, ಆಷಾಢದಲ್ಲಿ ಅದೇ ಬಂಡೆಗಳು ಕೆಂಪು ನೀರಿನಡಿ ಕಾಣದಾಗುತ್ತವೆ. ಇನ್ನೂ ಕೆಳಗೆ ಚುಂಚನಕಟ್ಟೆಯಲ್ಲಿ ಹೊಳೆ ಸುಮಾರು 20 ಮೀಟರ್ ಧುಮುಕುತ್ತದೆ. ಬಂಡೆ, ಕಟ್ಟೆ, ಜಲಪಾತ ಈ ಮೂರರ ನಡುವೆ ಸರಕು ಹೇರಿಕೊಂಡು ಊರಿಂದೂರಿಗೆ ಸಾಗುವ ದೋಣಿ ಹುಟ್ಟುವುದು ಸಾಧ್ಯವಿರಲಿಲ್ಲ. ಇಲ್ಲಿನ ದೋಣಿಗೆ ಇದ್ದದ್ದು ಒಂದೇ ಕೆಲಸ, ಈ ದಡದಿಂದ ಆ ದಡಕ್ಕೆ ದಾಟಿಸುವುದು. ಆ ಕೆಲಸಕ್ಕೆ ಹರಿಗೋಲನ್ನು ಮೀರಿಸಿದ್ದು ಇನ್ನೊಂದಿಲ್ಲ.

ಹರಿಗೋಲಿಗೆ ಹಿಂದೆ ಮುಂದೆ ಎಂಬುದಿಲ್ಲ. ಬಿದಿರನ್ನು ಸೀಳಿ ದಬ್ಬೆ ಮಾಡಿ, ನೆಲದ ಮೇಲೆ ಅಡ್ಡಡ್ಡ ಹಾಸಿ ಹೆಣೆಯುತ್ತಾರೆ. ತಳ ಸಾಕಷ್ಟು ಅಗಲವಾದ ಮೇಲೆ ದಬ್ಬೆಗಳ ತುದಿಗಳನ್ನು ಮೇಲಕ್ಕೆ ಬಾಗಿಸಿ, ಬಾಯಿಯ ಸುತ್ತ ಗಟ್ಟಿಯಾದ ಅಂಚು ಕಟ್ಟುತ್ತಾರೆ. ಹೊರಮೈಗೆ ಹಿಂದೆ ಹದ ಮಾಡಿದ ತೊಗಲು ಹೊದಿಸುತ್ತಿದ್ದರು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಮೀನುಗಾರರು ಬಳಸುವ ಸಣ್ಣ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಕವುಚಿಕೊಂಡು ಮನೆಗೆ ನಡೆದುಬಿಡಬಲ್ಲ. ತಳ ಚಪ್ಪಟೆಯಾದ್ದರಿಂದ ಮೊಣಕಾಲಷ್ಟು ನೀರಿದ್ದರೂ ತೇಲುತ್ತದೆ. ಬಂಡೆಗೆ ತಾಗಿದರೆ ಮರದ ದೋಣಿಯ ಹಾಗೆ ಸೀಳುವುದಿಲ್ಲ, ಬಿದಿರು ಸ್ವಲ್ಪ ಬಾಗಿ ಜಾರಿಕೊಳ್ಳುತ್ತದೆ. ಅಂಬಿಗ ಹುಟ್ಟು ಹಾಕುವ ರೀತಿಯೂ ಬೇರೆ: ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಮುಂದಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಕೈ ತಪ್ಪಿದರೆ ಹರಿಗೋಲು ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಪ್ರವಾಸಿಗರನ್ನು ನಗಿಸಲು ಇಂದು ಬೇಕೆಂದೇ ಹೊಡೆಸುವ ಈ ಗಿರಕಿ, ತುಂಬಿದ ಹೊಳೆಯಲ್ಲಿ ತಮಾಷೆಯ ವಿಷಯವಲ್ಲ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯ ಮೇಲೆ ಇಂಥದೇ ದೋಣಿ ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನರನ್ನು ಹೊರುವ ಶಕ್ತಿ, ಬೇಕಾದರೆ ಕುದುರೆ ಎತ್ತುಗಳಿಗೂ ಜಾಗ, ನೆಟ್ಟಗೆ ಸಾಗದೆ ಸುತ್ತುತ್ತಲೇ ಇರುವ ಗುಣ, ಎಲ್ಲವೂ ಅವನ ಬರಹದಲ್ಲಿವೆ. ಹಡಗು ಕಟ್ಟುವ ನಾಡಿನಿಂದ ಬಂದವನ ಕಣ್ಣಿಗೆ ಈ ದುಂಡು ಬುಟ್ಟಿ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಐನೂರು ವರ್ಷಗಳಲ್ಲಿ ಹರಿಗೋಲು ಬದಲಾದದ್ದು ಹೊದಿಕೆಯಲ್ಲಿ ಮಾತ್ರ. ಅದರ ಹೊಟ್ಟೆಪಾಡು ಕಿತ್ತುಕೊಂಡದ್ದು ಸೇತುವೆಗಳು. ಕೊಣನೂರಿನ ತೂಗುಸೇತುವೆಯ ಮೇಲೆ ನಿಂತರೆ ಕೆಳಗೆ ಕಾವೇರಿ, ಪಕ್ಕದಲ್ಲಿ ಪುಸ್ತಕದ ಚೀಲ ಹೊತ್ತ ಮಕ್ಕಳು. ಅಂಬಿಗನನ್ನು ಕೂಗಿ ಕಾಯುವ ಗೋಜಿಲ್ಲ.

ಈ ಹರಿಗೋಲಿಗೆ ಒಂದು ಗಳ ನೆಟ್ಟು ಬಟ್ಟೆ ಕಟ್ಟಿದರೆ ಹಾಯಿದೋಣಿ ಆಗದೇ? ಆಗುವುದಿಲ್ಲ. ಹಾಯಿಗೆ ಗಾಳಿಯೊಂದೇ ಸಾಲದು, ನೀರಿನೊಳಗೆ ಒಂದು ಹಿಡಿತವೂ ಬೇಕು. ಸಣ್ಣ ಹಾಯಿದೋಣಿಯ ನಡುವೆ ಒಂದು ಸೀಳು ಇರುತ್ತದೆ. ಅದರ ಮೂಲಕ ಉದ್ದನೆಯ ಹಲಗೆಯೊಂದನ್ನು ನೀರಿಗೆ ಇಳಿಬಿಡುತ್ತಾರೆ. ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳಲು ನೋಡುತ್ತದೆ, ಹಲಗೆ ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ. ಉಳಿದ ಬಲ ದೋಣಿಯನ್ನು ಮುಂದಕ್ಕೆ ಒಯ್ಯುತ್ತದೆ. ಹೀಗಾಗಿಯೇ ಗಾಳಿ ಬರುವ ದಿಕ್ಕಿಗೂ ಹಾಯಿದೋಣಿ ಹೋಗಬಲ್ಲದು, ನೇರವಾಗಿ ಅಲ್ಲದಿದ್ದರೂ ಓರೆಯಾಗಿ. ಹರಿಗೋಲಿಗೆ ಹಲಗೆಯಿಲ್ಲ, ಇಳಿಬಿಟ್ಟರೂ ರಾಮನಾಥಪುರದ ಬಂಡೆಗಳಲ್ಲಿ ಅದು ಉಳಿಯುವುದಿಲ್ಲ. ಇದರ ಜೊತೆಗೆ ಹೊಳೆಯ ಸೆಳೆತ, ದಡದ ಮರಗಳು ತಡೆದು ಕದಡುವ ಗಾಳಿ. ಹಾಯಿ ಕೇಳುವುದು ನಿಂತ ನೀರು, ಆಳ ಮತ್ತು ತಡೆಯಿಲ್ಲದ ಬಯಲು. ಈ ಮೂರನ್ನೂ ಒಟ್ಟಿಗೆ ಒದಗಿಸಿದ್ದು ಅಣೆಕಟ್ಟೆಗಳು.

ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ, ಸಕಲೇಶಪುರದ ಮೇಲೆ ಹಾದು, ಯಗಚಿಯನ್ನು ಕೂಡಿಕೊಂಡು ಗೊರೂರಿಗೆ ಬರುತ್ತದೆ. ಇದು ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು. ಹೇಮಾವತಿಯ ದಡದ ಬದುಕನ್ನು ಅವರಷ್ಟು ಪ್ರೀತಿಯಿಂದ ಬರೆದವರು ಕಡಿಮೆ. 1979ರಲ್ಲಿ ಪೂರ್ಣಗೊಂಡ ಇಲ್ಲಿನ ಅಣೆಕಟ್ಟೆಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ, ಸಂಗ್ರಹ ಸಾಮರ್ಥ್ಯ 37.10 ಟಿ.ಎಂ.ಸಿ. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಚರ್ಚು ಮಾತ್ರ ಗೋಡೆ ಕಮಾನುಗಳಷ್ಟೇ ಉಳಿದು, ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುತ್ತದೆ. ಹಾಯಿಗೆ ಬೇಕಾದ ಆಳವೂ ಬಯಲೂ ಗೊರೂರಿನ ಹಿನ್ನೀರಿನಲ್ಲಿವೆ. ಸದ್ಯಕ್ಕೆ ಅದು ಮೀನಿನ ಬಲೆಗಳ ನೀರು.

ಗೊರೂರಿನಿಂದ ಹೊರಬಿದ್ದ ಹೇಮಾವತಿ ಹೊಳೆನರಸೀಪುರವನ್ನು ಬಳಸಿ, ಅತ್ತ ಚುಂಚನಕಟ್ಟೆಯಿಂದ ಇಳಿದ ಕಾವೇರಿಯನ್ನು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕೂಡುತ್ತದೆ. ಅರಕಲಗೂಡಿನ ಎರಡು ಮಗ್ಗುಲಲ್ಲಿ ಬೇರೆ ಬೇರೆಯಾಗಿ ಹರಿದ ನೀರು ಒಂದಾಗುವ ಜಾಗ ಇದು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಹಿಂದೆ, 124.80 ಅಡಿ ತುಂಬಿದಾಗ, ಕಣ್ಣು ಹಾಯುವಷ್ಟು ದೂರ ನೀರು. ರಾಯಲ್ ಮೈಸೂರು ಸೈಲಿಂಗ್ ಕ್ಲಬ್ಬಿನ ಹಾಯಿದೋಣಿಗಳು ತೇಲುವುದು ಈ ಹಿನ್ನೀರಿನಲ್ಲಿ. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಸೇನೆಯ ಎಂ.ಇ.ಜಿ. ಕೇಂದ್ರಕ್ಕೆ ಸೇರಿದ ತ್ರಿಷ್ಣಾ ಕ್ಲಬ್ಬಿನವರೂ ಇಲ್ಲಿ ಸ್ಪರ್ಧೆ ನಡೆಸಿದ್ದಾರೆ. ಸೇನೆಯ ಎಂಜಿನಿಯರುಗಳು 1985ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟು 1987ರ ಜನವರಿಯಲ್ಲಿ ಮುಂಬಯಿ ಮುಟ್ಟಿದ ಹಾಯಿದೋಣಿಯ ಹೆಸರೂ ತ್ರಿಷ್ಣಾ. ಭಾರತೀಯರು ಹಾಯಿಯಲ್ಲಿ ಭೂಮಿಯನ್ನು ಸುತ್ತಿ ಬಂದ ಮೊದಲ ಯಾನ ಅದು.

ಸ್ಪರ್ಧೆಯ ದಿನ ದಡದಲ್ಲಿ ನಿಂತವರಿಗೆ ಮೊದಲು ಕಾಣುವುದು ಗೊಂದಲ: ಇಪ್ಪತ್ತು ಮೂವತ್ತು ಬಿಳಿ ಹಾಯಿಗಳು ಗೊತ್ತುಗುರಿಯಿಲ್ಲದೆ ಅಡ್ಡಾಡುತ್ತಿರುವ ಹಾಗೆ. ದೋಣಿಗಳನ್ನು ಗುರುತಿಸಲು ಕಲಿತರೆ ಗೊಂದಲ ಕರಗುತ್ತದೆ. ಚೌಕಮುಖದ, ಪುಟ್ಟ ತೊಟ್ಟಿಯಂಥ ದೋಣಿ ಆಪ್ಟಿಮಿಸ್ಟ್. 2.3 ಮೀಟರ್ ಉದ್ದದ ಇದರಲ್ಲಿ ಹದಿನೈದು ದಾಟದ ಮಕ್ಕಳು ಒಬ್ಬೊಬ್ಬರೇ ಕೂರುತ್ತಾರೆ. 4.2 ಮೀಟರಿನ, ಒಬ್ಬನೇ ನಡೆಸುವ, ಒಂದೇ ಹಾಯಿಯ ದೋಣಿ ಲೇಸರ್. ಈಗಿನ ಅಧಿಕೃತ ಹೆಸರು ಇಲ್ಕಾ. ಸುಮಾರು ಅಷ್ಟೇ ಉದ್ದವಿದ್ದು ಇಬ್ಬರು ಕೂತಿದ್ದರೆ, ಮುಂದೊಂದು ಚಿಕ್ಕ ಹಾಯಿಯೂ ಇದ್ದರೆ, ಅದು ಫೋರ್ ಟ್ವೆಂಟಿ ಇದ್ದೀತು. ಆ ಹೆಸರು ಕೇಳಿ ನಗುವವರಿಗೆ ಒಂದು ಮಾತು: 420 ಎಂಬುದು ಸೆಂಟಿಮೀಟರಿನಲ್ಲಿ ಅದರ ಉದ್ದ.

ತೀರ್ಪುಗಾರರ ದೋಣಿಗೂ ಒಂದು ತೇಲುಗುರುತಿಗೂ ನಡುವಿನ ಕಾಣದ ಗೆರೆಯೇ ಆರಂಭ. ಬಾವುಟ ಏರಿದ ಮೇಲೆ ಐದು ನಿಮಿಷ ಎಲ್ಲರೂ ಆ ಗೆರೆಯ ಹಿಂದೆ ಸುಳಿದಾಡುತ್ತಾರೆ, ಏಕೆಂದರೆ ಹಾಯಿದೋಣಿಗೆ ನಿಂತಲ್ಲಿ ನಿಲ್ಲುವುದು ಕಷ್ಟ. ಮೊದಲ ಗುರುತು ಇರುವುದು ಗಾಳಿ ಬರುವ ಕಡೆಗೇ. ಗಾಳಿಗೆ ಸುಮಾರು 45 ಡಿಗ್ರಿಗಿಂತ ಹತ್ತಿರ ಹೋಗಲಾಗದ್ದರಿಂದ ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ ಅಂಕುಡೊಂಕಾಗಿ ಸಾಗುತ್ತಾರೆ. ಪಂದ್ಯದ ಸ್ವಾರಸ್ಯವೆಲ್ಲ ಇರುವುದು ಈ ಹಂತದಲ್ಲಿ. ನೀರಿನ ಮೇಲೆ ಕಪ್ಪಗೆ ಸರಿದು ಬರುವ ಸುಕ್ಕನ್ನು ಮೊದಲು ಗುರುತಿಸಿದವನಿಗೆ ಗಾಳಿ ಮೊದಲು ಸಿಗುತ್ತದೆ. ಗಾಳಿ ಬೆನ್ನಿಗಿಟ್ಟುಕೊಂಡು ವಾಪಸು ಬರುವುದು ನೋಡಲು ಚೆಂದ, ಲೆಕ್ಕಾಚಾರ ಮೊದಲಿನಷ್ಟು ಇಲ್ಲ.

ದೊಡ್ಡ ಹಾಯಿಯನ್ನು ನೋಡಬೇಕೆನ್ನುವವರು ಕರಾವಳಿಗೇ ಇಳಿಯಬೇಕು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ನೌಕೆ, ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು. ಅದರ ಹಾಯಿಯ ಮೇಲಿರುವುದು ಸೂರ್ಯ ಮತ್ತು ಗಂಡಭೇರುಂಡ. ಸರ್ಕಾರಿ ಬಸ್ಸಿನ ಮೈಮೇಲೆ ದಿನಾ ಗಂಡಭೇರುಂಡವನ್ನು ನೋಡುವ ಹಾಸನದವರಿಗೆ ಅದು ಪರಿಚಯದ ಹಕ್ಕಿಯೇ.

ಅರಕಲಗೂಡಿನಿಂದ ಕನ್ನಂಬಾಡಿಯ ಹಿನ್ನೀರಿಗೆ ಹೋಗಲು ರಾಮನಾಥಪುರ, ಸಾಲಿಗ್ರಾಮ, ಕೃಷ್ಣರಾಜನಗರದ ದಾರಿ ಒಳ್ಳೆಯದು. ಬಹುಪಾಲು ಅದು ಕಾವೇರಿಯ ಆಸುಪಾಸಿನಲ್ಲೇ ಸಾಗುತ್ತದೆ. ಬೇಸಿಗೆಯ ಕೊನೆಯಲ್ಲಿ ನೀರು ಹಿಂದೆ ಸರಿದು ದಡವೆಲ್ಲ ಕೆಸರಾಗುವುದರಿಂದ, ಜಲಾಶಯ ತುಂಬಿದ ಮೇಲೆ ಹೋಗುವುದೇ ಸರಿ. ಪಂದ್ಯಗಳ ದಿನ ವರ್ಷವರ್ಷಕ್ಕೂ ಬದಲಾಗುವ ಕಾರಣ ಮೊದಲೇ ವಿಚಾರಿಸಿಕೊಳ್ಳಬೇಕು, ಕ್ಲಬ್ಬಿನ ದಂಡೆಗೆ ಹೋಗಲು ಅನುಮತಿ ಕೇಳಬೇಕು. ದುರ್ಬೀನು ಜೊತೆಗಿರಲಿ. ದಾರಿಯಲ್ಲಿ ರಾಮನಾಥಪುರದ ಕಡೆ ಹರಿಗೋಲು ಹತ್ತುವವರು ಜೀವರಕ್ಷಕ ಜಾಕೀಟು ತೊಡದೆ ಹತ್ತಬಾರದು. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಡುವ ಸೂಚನೆ ಇರುವ ದಿನಗಳಲ್ಲಿ ಹೊಳೆಗೆ ಇಳಿಯಲೇಬಾರದು.