ತಾಹೋ ಸರೋವರದ ತಿಳಿನೀರು

ಅಮೆರಿಕದ ಸಿಯೆರಾ ನೆವಾಡ ಬೆಟ್ಟಗಳ ನಡುವೆ, ಸುಮಾರು 1,900 ಮೀಟರ್ ಎತ್ತರದಲ್ಲಿ ತಾಹೋ ಸರೋವರವಿದೆ. ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ನಮ್ಮವರು ಬೇಸಿಗೆ ಬಂತೆಂದರೆ ಮಕ್ಕಳೊಂದಿಗೆ ಅಲ್ಲಿಗೆ ದೋಣಿವಿಹಾರಕ್ಕೆ ಹೋಗುತ್ತಾರೆ.

1968ರಲ್ಲಿ ಅದರ ನೀರಿಗೆ ಬಿಳಿ ತಟ್ಟೆಯೊಂದನ್ನು ಇಳಿಬಿಟ್ಟಾಗ 31 ಮೀಟರ್ ಆಳದವರೆಗೂ ಕಾಣುತ್ತಿತ್ತು. ಈಗ 20ರ ಆಸುಪಾಸಿಗೇ ಮರೆಯಾಗುತ್ತದೆ. ಸುತ್ತಲಿನ ರಸ್ತೆಗಳ ನುಣ್ಣನೆಯ ದೂಳು, ಪಾಚಿ ಇದಕ್ಕೆ ಮುಖ್ಯ ಕಾರಣ. ದೋಣಿಗಳ ಪಾಲೂ ಇತ್ತು. ಹಳೆಯ ಟೂ-ಸ್ಟ್ರೋಕ್ ಎಂಜಿನ್ ತನ್ನ ಇಂಧನದ ಕಾಲು ಭಾಗದಷ್ಟನ್ನು ಉರಿಸದೆ ನೀರಿಗೇ ಉಗುಳುತ್ತಿತ್ತು. 1999ರಲ್ಲಿ ಕಾರ್ಬ್ಯುರೇಟರ್ ಇರುವ ಅಂಥ ಎಂಜಿನ್‌ಗಳನ್ನು ನಿಷೇಧಿಸಿದರು. ಬಹಳ ಒಳ್ಳೆಯ ಕೆಲಸ.

ಇನ್ನೊಂದು ಭಯ ಕಣ್ಣಿಗೆ ಕಾಣದ್ದು. ಬೇರೆ ಕೆರೆಯಲ್ಲಿ ಓಡಾಡಿದ ದೋಣಿಯ ತಳದಲ್ಲಿ ಉಳಿದ ಒಂದಿಷ್ಟು ನೀರಿನಲ್ಲಿ ಕ್ವಾಗಾ ಚಿಪ್ಪುಹುಳುವಿನ ಮರಿಗಳಿರಬಹುದು. ಒಮ್ಮೆ ಬೇರೂರಿದರೆ ಅವುಗಳನ್ನು ತೆಗೆಯುವ ದಾರಿಯೇ ಇಲ್ಲ. ಅದಕ್ಕೇ 2008ರಿಂದ ಮೋಟಾರು ದೋಣಿಗಳಿಗೆ ತಪಾಸಣೆ ಕಡ್ಡಾಯ. ಸಾಲಿನಲ್ಲಿ ಕಾಯಲು ಬೇಸರಿಸಬೇಡಿ.

ಜೀವರಕ್ಷಕ ಜಾಕೆಟ್ಟಿನ ಮಾತನ್ನಂತೂ ಒತ್ತಿ ಹೇಳಲೇಬೇಕು. ಬಿಸಿಲು ಸುಡುತ್ತಿದ್ದರೂ ಹಿಮ ಕರಗಿದ ನೀರು ಕೊರೆಯುತ್ತದೆ. ಬಿದ್ದ ಮೊದಲ ನಿಮಿಷದಲ್ಲೇ ಏದುಸಿರು ಬರುತ್ತದೆ, ಈಜು ಬಲ್ಲವರಿಗೂ ಕೈಕಾಲು ಸೋಲುತ್ತವೆ. ಗಾಳಿಯೂ ಹಠಾತ್ತನೆ ತಿರುಗುತ್ತದೆ: 2025ರ ಜೂನ್‌ನಲ್ಲಿ ಬಿರುಗಾಳಿಯ ಅಲೆಗಳಿಗೆ ದೋಣಿಯೊಂದು ಮಗುಚಿ ಎಂಟು ಜನ ತೀರಿಕೊಂಡರು. ಹೊರಡುವ ಮುನ್ನ ಹವಾಮಾನ ಕೇಳಿ. ಜಾಕೆಟ್ಟನ್ನು ಸೀಟಿನ ಕೆಳಗಿಡದೆ ಮೈಮೇಲೆ ಹಾಕಿ, ಪಟ್ಟಿ ಬಿಗಿಯಿರಿ. ಮಕ್ಕಳದನ್ನು ನೀವೇ ಎಳೆದು ನೋಡಿ.