ಸವಾಲು ಕೂಗುವವರು, ಸವಾಲು ಕೇಳುವವರು



ಹುಣಸೆ ಮರದ ಫಸಲು, ಕೆರೆಯ ಮೀನು, ಸಂತೆಯ ಸುಂಕ, ಹರಾಜು ಯಾವುದರದ್ದೇ ಇರಲಿ, ಬೆಲೆ ಹೇಳುವುದಕ್ಕೆ ನಾವು ‘ಸವಾಲು ಕೂಗುವುದು’ ಅನ್ನುತ್ತೇವೆ. ಅರಬ್ಬಿಯಲ್ಲಿ ಸವಾಲು ಎಂದರೆ ಪ್ರಶ್ನೆ. ಪಾರಸಿ, ಉರ್ದು ಬಳಸುತ್ತಿದ್ದ ಆಡಳಿತದ ಜೊತೆ ಅದು ಕನ್ನಡಕ್ಕೆ ಬಂತು. ಹಳೆಯ ಅರ್ಥ ನ್ಯಾಯಾಲಯದ ಪಾಟೀಸವಾಲಿನಲ್ಲಿ ಇಂದಿಗೂ ಗಟ್ಟಿಯಾಗಿದೆ. ಹರಾಜು ಕೂಡ ಅರಬ್ಬಿ ಮೂಲದ್ದೇ. ಕರಾವಳಿಯ ‘ಏಲಂ’, ಬೆಳಗಾವಿ ಕಡೆಯ ‘ಲಿಲಾವು’ ಮಾತ್ರ ಪೋರ್ಚುಗೀಸರಿಂದ ಬಂದ ಒಂದೇ ಪದದ ಎರಡು ರೂಪಗಳು.

ಬೆಲೆಯನ್ನು ಕೂಗಲೇಬೇಕೆಂದಿಲ್ಲ. ದನಗಳ ಜಾತ್ರೆಯಲ್ಲಿ ದಲ್ಲಾಳಿ ಟವೆಲಿನ ಮರೆಯಲ್ಲಿ ಕೈ ಹಿಡಿಯುತ್ತಾನೆ. ಬೆರಳು ಒತ್ತಿದಷ್ಟು ಬೆಲೆ. ಪಕ್ಕದಲ್ಲಿ ನಿಂತವರಿಗೂ ಲೆಕ್ಕ ಸಿಗುವುದಿಲ್ಲ. ಎತ್ತು ಸಾಕಿದವನಿಗೆ ಊರಿನ ದರವೇ ತಿಳಿಯದಂತೆ ಮಾಡುವ ಈ ಗುಟ್ಟು ನನಗೆ ಒಪ್ಪಿಗೆಯಾಗುವುದಿಲ್ಲ.

ಕೃಷಿ ಮಾರಾಟಕ್ಕೆ ರಾಜ್ಯದಲ್ಲಿ 1966ರ ಕಾಯ್ದೆ ಬಂತು. ವ್ಯಾಪಾರ ಎಪಿಎಂಸಿ ಪ್ರಾಂಗಣದೊಳಗೆ, ಹರಾಜು ಇಲ್ಲವೇ ಟೆಂಡರ್ ಮೂಲಕ ನಡೆಯತೊಡಗಿತು. ಅಡಿಕೆ, ಮೆಣಸಿನಕಾಯಿ ಪೇಟೆಗಳಲ್ಲಿ ಖರೀದಿದಾರ ಲಾಟು ನೋಡಿ, ಹಿಡಿ ಕಾಯಿ ಮುರಿದು, ಬಣ್ಣ ಪರೀಕ್ಷಿಸಿ, ಚೀಟಿಯಲ್ಲಿ ದರ ಬರೆದು ಹಾಕುತ್ತಿದ್ದ. ಇಲ್ಲಿ ಗುಟ್ಟು ರೈತನ ಪರವಾಗಿತ್ತು: ಪಕ್ಕದವನು ಎಷ್ಟು ಬರೆದನೆಂದು ತಿಳಿಯದಿದ್ದರೆ ವ್ಯಾಪಾರಿಗಳು ಒಳಗೊಳಗೇ ದರ ಇಳಿಸುವುದು ಕಷ್ಟ.

2014ರಿಂದ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಚೀಟಿಯ ಜಾಗಕ್ಕೆ ಕಂಪ್ಯೂಟರ್ ಬಂತು. 2016ರ ಏಪ್ರಿಲ್ 14ರಂದು ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್ ಶುರುವಾಯಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲೂ ನೂಲು ತೆಗೆಯುವ ರೀಲರುಗಳು ಇ-ಹರಾಜಿನಲ್ಲಿ ಸವಾಲು ಹಾಕುತ್ತಾರೆ. ದರ ಒಪ್ಪಿಗೆಯಾಗದಿದ್ದರೆ ರೈತ ‘ಕೊಡಲ್ಲ’ ಅನ್ನಬಹುದು. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಈ ಹಕ್ಕಿನಲ್ಲಿದೆ.

ಆದರೆ ಲಾರಿ ಬಾಡಿಗೆ ಕೊಟ್ಟು, ದೂರದಿಂದ ಮೂಟೆ ತಂದವನು ಸಂಜೆ ಹೊತ್ತಿಗೆ ಬೇಡವೆಂದು ಹೇಳುವುದು ಹೇಗೆ? ಗೂಡಂತೂ ಕಾಯುವುದೇ ಇಲ್ಲ, ದಿನ ಕಳೆದರೆ ಚಿಟ್ಟೆ ಕೊರೆದು ಹೊರಬರುತ್ತದೆ. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚುವವರೆಗೂ ಹೋಯಿತು. ಬೆಂಕಿಯನ್ನು ಯಾರೂ ಸಮರ್ಥಿಸಲಾರರು. ಮಾಲು ಇಡಲು ಶೀತಲ ಗೋದಾಮು, ಇಟ್ಟ ಮಾಲಿನ ಮೇಲೆ ಕೂಡಲೇ ಸಾಲ, ಇವೆರಡು ಸಣ್ಣ ರೈತನ ಕೈಗೂ ಎಟುಕಿದರೆ ಮಾತ್ರ ಕಡಿಮೆ ಸವಾಲನ್ನು ಅವನು ಧೈರ್ಯವಾಗಿ ತಿರಸ್ಕರಿಸಬಲ್ಲ.